ಅಬಿಜಾನ್‌ಗೆ ಹೊರಟಿರುವ ಮಗಳಿಗೆ

ಶ್ರುತಿ,

ಮೊನ್ನೆ ರಾತ್ರಿ ನಿನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟೆ. ಅದಕ್ಕೆ ಬೇಜಾರಿದೆ. ಕೋಪ ಬಂದಿದ್ದಕ್ಕೆ ಮಾತ್ರ ಬೇಜಾರಿಲ್ಲ. "ಇಷ್ಟು ಓದಿ ವಿದೇಶಾಂಗ ಸೇವೆಗೆ (ಐಎಫ್‌ಎಸ್) ಸೇರಿದ್ದು ಗೇರುಬೀಜ ಮಾರೋದಕ್ಕಾ ಅಮ್ಮಾ?" ಅಂದೆಯಲ್ಲ, ಯಾರ ಹತ್ತಿರ ಹೇಳುತ್ತಿದ್ದೇನೆ ಅಂತ ಸ್ವಲ್ಪ ಯೋಚಿಸಬಹುದಿತ್ತು.

ನಿನಗೆ ಜಿನೀವಾದ ಆಸೆ ಇತ್ತು. ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಅಬಿಜಾನ್, ಅದೂ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗ. ಬ್ಯಾಚಿನವರು ವಿಶ್ವಸಂಸ್ಥೆಗೆ ಭಾಷಣ ಬರೆಯುವಾಗ ನೀನು ಕಂಟೇನರ್ ಜಗಳ ಬಿಡಿಸುತ್ತಾ ಕೂರಬೇಕು. ಸಣ್ಣ ಕಚೇರಿ ಬೇರೆ, ಪಾಸ್‌ಪೋರ್ಟ್ ಕಳೆದುಕೊಂಡವರೂ ನಿನ್ನ ಮೇಜಿಗೇ ಬರಬಹುದು. ಬೇಜಾರು ಸಹಜ. "ಅವಳನ್ನು ನಾಲ್ಕು ದಿನ ಅವಳ ಪಾಡಿಗೆ ಬಿಡು" ಅಂದರು ಅಪ್ಪ. ನನ್ನಿಂದ ಆಗಲಿಲ್ಲ.

ನಾನು ಬೀಜದ ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದುದು, ಎಣ್ಣೆ ತಾಗಿ ಕಪ್ಪಾದ ಅಜ್ಜಿಯ ಕೈ, ನಿನ್ನ ಫೀಸು ಎಲ್ಲಿಂದ ಬಂತು ಅನ್ನುವುದು, ಎಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ ಒಂದು ವಿಷಯ ಇದೆ.

ನೀನು ಇನ್ನೂ ಹುಟ್ಟಿರಲಿಲ್ಲ. ಮಳೆಗಾಲ. ನಮ್ಮ ಕಡೆಯ ಬೀಜ ಫ್ಯಾಕ್ಟರಿಗೆ ವರ್ಷವಿಡೀ ಸಾಕಾಗುವುದಿಲ್ಲ, ಉಳಿದದ್ದು ಆಫ್ರಿಕಾದಿಂದ ಬರಬೇಕು. ಧಣಿಗಳು ಸಾಲ ಮಾಡಿ ಬ್ಯಾಂಕಿನಲ್ಲಿ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ತೆರೆದಿದ್ದರು. ಎಲ್‌ಸಿ ಇದ್ದರೆ ಬ್ಯಾಂಕಿನವರು ಕಾಗದ ನೋಡಿ ಹಣ ಕೊಡುತ್ತಾರೆ, ಚೀಲದೊಳಗೆ ಇಣುಕುವುದಿಲ್ಲ. ಕಾಗದ ಎಲ್ಲ ಸರಿ ಇತ್ತು. ಹಡಗಿಗೆ ಮಾಲು ಹಾಕಿದ್ದಕ್ಕೆ ರಸೀದಿಯಾದ ಬಿಲ್ ಆಫ್ ಲೇಡಿಂಗ್, ತೂಕದ ಪಟ್ಟಿ, ಗುಣಮಟ್ಟದ ಸರ್ಟಿಫಿಕೇಟು, ಎಲ್ಲಕ್ಕೂ ಟಿಕ್ ಹಾಕಿದವಳು ನಾನೇ. ಹಣ ಹೋಯಿತು. ಲಾರಿ ಬಂತು. ಚೀಲ ಬಿಚ್ಚಿದರೆ ಒಳಗಿನಿಂದ ಬಿಸಿ, ಮುಗ್ಗಲು ವಾಸನೆ. ಒದ್ದೆ ಬೀಜವನ್ನೇ ತುಂಬಿಸಿ ಕಳಿಸಿದ್ದರು. 80 ಕಿಲೋ ಚೀಲಕ್ಕೆ 47 ಪೌಂಡ್ ತಿರುಳು ಅಂತ ಒಪ್ಪಂದ. ಒಂದು ಕಿಲೋ ತೆಗೆದು, ಬೀಜ ಕತ್ತರಿಸಿ ತಿರುಳು ನೋಡುವ ಕಟ್ಟಿಂಗ್ ಟೆಸ್ಟ್ ಮಾಡಿದರೆ ಅರ್ಧಕ್ಕರ್ಧ ಬೂಸ್ಟು.

ಬೀಜ ಕಳಿಸಿದ ದೇಶದಲ್ಲಿದ್ದ ನಮ್ಮ ರಾಯಭಾರ ಕಚೇರಿಗೆ ಪತ್ರ ಟೈಪ್ ಮಾಡಿದೆ. ಯಾವ ದೇಶ ಅಂತ ಹೇಳುವುದಿಲ್ಲ, ನೀನು ಹಳೇ ಫೈಲು ಹುಡುಕಲು ಹೊರಡುವವಳು. ಟೆಸ್ಟ್ ವರದಿ ಇಟ್ಟೆ, ಫೋಟೋ ಇಟ್ಟೆ. ಉತ್ತರ ಇಲ್ಲ. ಮತ್ತೆ ಬರೆದೆ. ಫ್ಯಾಕ್ಸ್ ಮಾಡಿದೆ. ಕೊನೆಗೊಂದು ದಿನ ಎರಡು ಸಾಲು ಬಂತು. ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆಯಂತೆ. ಕೆಳಗೆ ಚಂದದ ಸಹಿ.

ಅಷ್ಟರಲ್ಲಿ ಫ್ಯಾಕ್ಟರಿ ನಿಂತಿತ್ತು. ಹೆಂಗಸರಿಗೆ ಕಿಲೋ ಲೆಕ್ಕದ ಕೂಲಿ, ಬೀಜ ಇಲ್ಲದಿದ್ದರೆ ಏನೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಕೊಡೆ ಹಿಡಿದು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ನನ್ನ ಕಿಟಕಿ ಗೇಟಿನ ಪಕ್ಕದಲ್ಲೇ ಇತ್ತು. "ಇವತ್ತು ಕೆಲಸ ಉಂಟಾ?" ಅಂತ ಕೇಳುವರು. "ನಾಳೆ ನೋಡುವ" ಅನ್ನುವೆ. ಆ ಗುಂಪಿನಲ್ಲಿ ಅಜ್ಜಿಯೂ ಇರುತ್ತಿದ್ದಳು. ಮನೆಯಲ್ಲಿ ಒಂದೇ ಒಂದು ದಿನ ಕೇಳಲಿಲ್ಲ. ಉಳಿದವರ ಜೊತೆ ನಡೆದು ಬಂದು, ನನ್ನ ಪರಿಚಯವೇ ಇಲ್ಲದವಳ ಹಾಗೆ, ಕಿಟಕಿಯಲ್ಲೇ ಕೇಳುತ್ತಿದ್ದಳು. ನಾನೂ ಉಳಿದವರಿಗೆ ಹೇಳಿದ್ದನ್ನೇ ಅವಳಿಗೂ ಹೇಳುತ್ತಿದ್ದೆ.

ಆ ಸಹಿ ಇವತ್ತಿಗೂ ನನ್ನ ತಲೆಯಲ್ಲಿದೆ. ಅವರು ಕೆಟ್ಟವರಾಗಿರಲಿಕ್ಕಿಲ್ಲ. ನೀನೇ ಹೇಳಿದ್ದೀಯಲ್ಲ, ರಾಯಭಾರ ಕಚೇರಿ ಕೋರ್ಟೂ ಅಲ್ಲ, ಪೊಲೀಸ್ ಠಾಣೆಯೂ ಅಲ್ಲ, ಯಾರಿಂದಲೂ ಹಣ ವಸೂಲಿ ಮಾಡಿಕೊಡಲು ಬರುವುದಿಲ್ಲ ಅಂತ. ಒಪ್ಪಿದೆ. ಆದರೆ ಆ ವ್ಯಾಪಾರಿಗೆ ಗೋದಾಮು ಅಂತ ಒಂದು ಇದೆಯಾ ಅಂತ ಹೋಗಿ ನೋಡಬಹುದಿತ್ತು. ಅಲ್ಲಿನ ವಾಣಿಜ್ಯ ಮಂಡಳಿಗೆ ಒಂದು ಫೋನ್ ಮಾಡಬಹುದಿತ್ತು. ಇವನ ಹತ್ತಿರ ಮಾಲು ತೆಗೆಯುವಾಗ ಜಾಗ್ರತೆ ಅಂತ ಮಂಗಳೂರಿಗೂ ಕೊಲ್ಲಂಗೂ ತಿಳಿಸಬಹುದಿತ್ತು. ತಿಳಿಸಲಿಲ್ಲ. ಅದೇ ವ್ಯಾಪಾರಿಯ ಮಾಲು ಆಮೇಲೆ ಇನ್ನೊಬ್ಬರ ಫ್ಯಾಕ್ಟರಿಗೂ ಬಂತು. ಅಲ್ಲಿಯ ಗೇಟಿನಲ್ಲೂ ಹೆಂಗಸರು ನಿಂತಿರಬೇಕು, ಅಲ್ವಾ?

ನಿನ್ನ ಬರವಣಿಗೆ ಸಣ್ಣವಳಿರುವಾಗಿನಿಂದಲೂ ಚೆನ್ನ. ಅಂಥ ಎರಡು ಸಾಲನ್ನು ನೀನು ಅವರಿಗಿಂತ ಚೆನ್ನಾಗಿ ಬರೆಯಬಲ್ಲೆ. ನನ್ನ ಹೆದರಿಕೆ ಅದೇ.

ಈಗ ಹೇಳುವುದನ್ನು ಸ್ವಲ್ಪ ಕೇಳು. ನೀನು ಹೋಗುತ್ತಿರುವ ದೇಶದಲ್ಲಿ ವರ್ಷಕ್ಕೆ 10 ಲಕ್ಷ ಟನ್‌ಗೂ ಜಾಸ್ತಿ ಗೇರುಬೀಜ ಬೆಳೆಯುತ್ತದೆ, ಜಗತ್ತಿನಲ್ಲೇ ಮೊದಲನೆಯದು. ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ 2006ರಲ್ಲೇ ನಮ್ಮನ್ನು ಹಿಂದೆ ಹಾಕಿತು. ಅವರೂ ಅಲ್ಲೇ ಬೀಜ ಕೊಳ್ಳುತ್ತಾರೆ. ಫೆಬ್ರವರಿ ಹೊತ್ತಿಗೆ ಸೀಸನ್ ಶುರು, ಅಲ್ಲಿನ ಸರ್ಕಾರ ರೈತರಿಗೆ ದರ ಘೋಷಿಸುತ್ತದೆ. ಆಮೇಲೆ ನಿನ್ನ ಫೋನ್ ಸುಮ್ಮನಿರುವುದಿಲ್ಲ. ಅದಕ್ಕೆ ಮೊದಲೇ ಒಮ್ಮೆ ಉತ್ತರಕ್ಕೆ, ಕೊರ್ಹೋಗೋ ಕಡೆಗೆ ಹೋಗಿ ಬಾ. ಮರ ನೋಡು, ರೈತರ ಹತ್ತಿರ ಮಾತಾಡು, ಫ್ರೆಂಚ್ ಕಲಿತಿದ್ದು ಮತ್ತೆ ಯಾಕೆ? ಬೀಜ ಕತ್ತರಿಸಿ ನೋಡುವುದನ್ನು ಕಲಿ. ಒಣಗಿದ ಬೀಜ ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. ಬೀಜವನ್ನು ಹಾಗೇ ಮಾರುವ ಬದಲು ತಮ್ಮಲ್ಲೇ ಸಂಸ್ಕರಿಸಬೇಕು ಅಂತ ಅವರಿಗೂ ಇದೆ. ಅದಕ್ಕೆ ಮುಖ ಗಂಟಿಕ್ಕಬೇಡ. ಕೂಲಿ ಅವರ ಹೆಂಗಸರಿಗೂ ಬೇಕು. ಬೀಜ ನಮಗೂ ಬೇಕು, ಯಂತ್ರ ಅವರಿಗೂ ಬೇಕು. ಎರಡನ್ನೂ ಒಂದೇ ಮೇಜಿನಲ್ಲಿ ಕೂತು ಮಾತಾಡುವುದು ಜಿನೀವಾದ ಭಾಷಣಕ್ಕಿಂತ ಸುಲಭ ಅಂತ ನನಗಂತೂ ಅನ್ನಿಸುವುದಿಲ್ಲ.

ಭಾಷಣ ನನ್ನದೇ ಆಯಿತು. ಆಗಲಿ.

ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ನಿಮ್ಮ ಸೇವೆಗೆ ಸೇರಿದ ಮೊದಲ ಹೆಂಗಸು. ಆಗ ಹೆಂಗಸರಾದರೆ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತಂತೆ. ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೇ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ನಿನ್ನ ರಿಸಲ್ಟ್ ಬಂದ ದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳಿದ್ದೆ, ಕೇಳಿಸಿಕೊಳ್ಳಲು ಪುರುಸೊತ್ತಿಲ್ಲದವರಿಗೂ. ಈಗ ಮದುವೆಗೆ ನಿನಗೆ ಯಾರ ಅನುಮತಿಯೂ ಬೇಡ. ನನ್ನದೂ ಬೇಡ. ಸುದ್ದಿ ಇದ್ದರೆ ಮಾತ್ರ ಚಿಕ್ಕಮ್ಮನಿಗಿಂತ ಮೊದಲು ನನಗೆ ಹೇಳು.

ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡು ಪಾಸ್‌ಪೋರ್ಟಿನ ಜೊತೆಯಲ್ಲೇ ಇರಲಿ. ಹೋಗುವಾಗಲೂ ಕೇಳುತ್ತಾರೆ, ವಾಪಸ್ ಬರುವಾಗಲೂ ಕೇಳುತ್ತಾರೆ. ಸೊಳ್ಳೆ ಪರದೆ ಅಪ್ಪ ತಂದಿಟ್ಟಿದ್ದಾರೆ, ಬೇಡ ಅನ್ನಬೇಡ.

ಇನ್ನೊಂದು. ಧಣಿಗಳ ಮಗ ಈಗ ಬೀಜದ ಸಿಪ್ಪೆ ತೆಗೆಯುವ ಯಂತ್ರ ಮಾಡಿಸುತ್ತಿದ್ದಾನೆ. ನಿನಗೆ ಅಬಿಜಾನ್ ಆಗಿದೆ ಅಂತ ಹೇಗೋ ಗೊತ್ತಾಗಿ ನಿನ್ನೆ ಮನೆಗೆ ಬಂದಿದ್ದ, ನಿನ್ನ ನಂಬರ್ ಬೇಕಂತೆ. ಕೊಡಲಿಲ್ಲ. ಎಲ್ಲರ ಹಾಗೆ ಕಚೇರಿಗೆ ಬರೆ ಅಂದೆ. ಬರೆದರೆ ಅವನ ಸರದಿ ಬಂದಾಗ ನೋಡು, ನನಗೋಸ್ಕರ ಮುಂದೆ ತರಬೇಡ. ಯಂತ್ರದ ವಿವರವನ್ನೆಲ್ಲ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿಟ್ಟಿದ್ದಾನೆ. ಫ್ರೆಂಚಿನಲ್ಲಿ ಮಾಡಿಸು, ಬೆಲೆಯಲ್ಲಿ ಹಡಗಿನ ಬಾಡಿಗೆ ಸೇರಿದೆಯಾ ಇಲ್ಲವಾ ಅಂತ ಸ್ಪಷ್ಟ ಬರೆ ಅಂತ ಇಷ್ಟು ಮಾತ್ರ ಹೇಳಿ ಕಳಿಸಿದೆ. ಸರಿ ತಾನೇ?

ಅಮ್ಮ