ಮಾಲಾಗೆ, ಹೂಳಿನ ಬಗ್ಗೆ

ಚಿ. ಮಾಲಾಗೆ ಮೌಶಿಯ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದನ್ನು ಬಿಡು. ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನಾವು ನಮ್ಮ ಹೊಳೆಯನ್ನೇ ಮಂಗಳದ ಮೇಲೆ ಕಾಣುತ್ತಿದ್ದರೆ?" ಅಂತ, ಅದು ತಲೆಯಿಂದ ಹೋಗುತ್ತಿಲ್ಲ. ಇಲ್ಲಿನ ಹೊಳೆ, ಕೆರೆ ಬಿಟ್ಟ ಗುರುತಿಗೆ ಹೋಲಿಸಿ ಮಂಗಳ ಗ್ರಹದಲ್ಲಿ ಹಿಂದೆ ನೀರಿತ್ತಾ ಅಂತ ಹುಡುಕೋದೇ ನಿನ್ನ ಸಂಶೋಧನೆ, ಆ ಹೋಲಿಕೆಯೇ ಮೋಸ ಮಾಡಿದರೆ ಅನ್ನೋದು ನಿನ್ನ ಹೆದರಿಕೆ. ನೀನು ಮುಂಬೈಯಲ್ಲಿ ಹಾಸ್ಟೆಲ್ ರೂಮಿನಲ್ಲಿ ಕೂತು ಇದನ್ನೇ ಮೆಲುಕು ಹಾಕುತ್ತಿದ್ದರೆ ಇಲ್ಲಿ ಪುಣೆಯಲ್ಲಿ ನನಗೆ ಹೇಗೆ ನಿದ್ದೆ ಬರಬೇಕು?

ಸುಮ್ನೆ ಹೆದರಬೇಡ ಅನ್ನಲಾರೆ. 2004ರಲ್ಲಿ ನಾಸಾದ ಸ್ಪಿರಿಟ್ ರೋವರ್, ಅಂದರೆ ಚಕ್ರದ ಗಾಡಿ, ಮಂಗಳದ ಗುಸೆವ್ ಕುಳಿಯಲ್ಲಿ ಇಳಿದದ್ದೇ ಹಳೇ ಕೆರೆಯ ಹೂಳು ಸಿಗುತ್ತದೆ ಅಂತ. ಸಿಕ್ಕಿದ್ದು ಲಾವಾ ಕಲ್ಲು. 2011ರಲ್ಲಿ ಅಲ್ಲಿನ ಇಳಿಜಾರುಗಳ ಮೇಲೆ ಬಿಸಿಲುಗಾಲದಲ್ಲಿ ಉದ್ದವಾಗುವ ಕಪ್ಪು ಗೆರೆಗಳ ವಿಷಯ ಬಂತು. 2015ರಲ್ಲಂತೂ ಉಪ್ಪುನೀರು ಹರಿಯುತ್ತಿದೆ ಅಂತ ಪೇಪರಿನ ತುಂಬ ಅದೇ ಮಾತು. 2017ರಲ್ಲಿ ಕೋನ ಅಳೆದು ನೋಡಿದವರು, ಒಣ ಮರಳು ಎಷ್ಟು ಇಳಿಜಾರಿನಲ್ಲಿ ಜಾರಿ ನಿಲ್ಲುತ್ತದೋ ಅಲ್ಲೇ ಈ ಗೆರೆಗಳೂ ನಿಲ್ಲುತ್ತವೆ, ಇದು ನೀರಲ್ಲ, ಮರಳೇ ಇರಬೇಕು ಅಂದರು. ಅಂಥ ವಿಜ್ಞಾನಿಗಳಿಗೇ ಹೀಗಾದರೆ ನನ್ನ ಗತಿ ಏನು ಅಂತ ನಿನಗೆ ಅನ್ನಿಸಿದ್ದು ಸಹಜ.

ನನ್ನ ಕೆಲಸ ನಿನಗೆ ಗೊತ್ತಲ್ಲ, ಮಣ್ಣು ಪರೀಕ್ಷೆಯ ಲ್ಯಾಬು. ಅಣೆಕಟ್ಟಿನ ಹೂಳು ಚೀಲದಲ್ಲಿ ಬರುತ್ತಿತ್ತು. ಜರಡಿ ಹಿಡಿಯೋದು, ಉಳಿದ ನಯವಾದ ಮಣ್ಣನ್ನು ಗಾಜಿನ ಜಾರಿನ ನೀರಿನಲ್ಲಿ ಕಲಕಿ ಇಟ್ಟು ಕಣ ಇಳಿಯೋದನ್ನು ಗಡಿಯಾರ ಹಿಡಿದು ನೋಡೋದು. ಆದರೆ ಹೊಳೆಗೆ ಹೋಗಿ ನೋಡಿದವಳಲ್ಲ. ಹೆಂಗಸರನ್ನು ಸೈಟಿಗೆ ಕಳಿಸುತ್ತಿರಲಿಲ್ಲ, ನಾನೂ ಜಗಳ ಮಾಡಲಿಲ್ಲ. ಆ ಚೀಲದ ಮಣ್ಣು ಯಾವ ದಂಡೆಯದು, ಮೇಲಿನ ಪದರದ್ದೋ ಕೆಳಗಿನದ್ದೋ ಅಂತ ಕೇಳಬೇಕಿತ್ತು ಅಂತ ಈಗಲೂ ಒಳಗೊಳಗೇ ಕೊರಗು. ಇರಲಿ, ನಿನ್ನ ಮಾತಿಗೆ ಬರುತ್ತೇನೆ.

ನಮ್ಮ ಹೊಳೆಯನ್ನೇ ಕಾಣುತ್ತಿದ್ದರೆ? ಕಾಣಬಹುದು ಮಾಲಾ. ಆದರೆ ಎಲ್ಲ ಗುರುತೂ ಒಂದೇ ಥರ ಮೋಸ ಮಾಡೋದಿಲ್ಲ. 2012ರಲ್ಲಿ ಮಂಗಳದ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರಿಗೆ ಸಿಕ್ಕ ದುಂಡು ಗರಸನ್ನೇ ನೋಡು, ಸಿಮೆಂಟು ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಮರಳಾಗಿದ್ದರೆ ಗಾಳಿ ಉರುಳಿಸಿತು ಅನ್ನಬಹುದಿತ್ತು. ಅಷ್ಟು ದಪ್ಪ ಕಲ್ಲನ್ನು ಗಾಳಿ ಹೊರಲಾರದು. ಅಲ್ಲಿ ಹರಿದ ನೀರು ಪಾದ ಮುಳುಗುವಷ್ಟಿಂದ ಸೊಂಟದವರೆಗೆ ಇದ್ದಿರಬೇಕು, ನಾವು ನಡೆಯುವಷ್ಟು ವೇಗದಲ್ಲಿ ಹೋಗಿರಬೇಕು ಅಂತ ಲೆಕ್ಕ ಹಾಕಿದ್ದು ಇಲ್ಲಿನ ಹೊಳೆ ನೋಡಿದವರೇ.

ಇನ್ನೊಂದು ನನಗೆ ಭಾಳ ಹಿಡಿಸಿದ್ದು. ನಮ್ಮ ಲ್ಯಾಬಿನ ಕಿಟಕಿಯಲ್ಲಿ ಕೆಸರಿನ ತಟ್ಟೆ ಒಣಗಲು ಇಡುತ್ತಿದ್ದೆವು. ಮೊದಲ ಸಲ ಒಣಗಿದಾಗ ಒಂದು ಬಿರುಕು ಇನ್ನೊಂದಕ್ಕೆ ನೆಟ್ಟಗೆ ಹೋಗಿ ಬಡಿಯುತ್ತದೆ, ಟಿ ಅಕ್ಷರದ ಹಾಗೆ. ಅದನ್ನೇ ಮತ್ತೆ ಮತ್ತೆ ನೆನೆಸಿ ಒಣಗಿಸಿದರೆ ಕೂಡುವ ಜಾಗ ವೈ ಅಕ್ಷರಕ್ಕೆ ತಿರುಗಿ ಆರು ಮೂಲೆಯ ಬಿಲ್ಲೆಗಳಾಗುತ್ತವೆ. ಗೇಲ್ ಕುಳಿಯ ಕಲ್ಲಿನಲ್ಲಿ ಅಂಥದ್ದೇ ವೈ ಬಿರುಕು ಇದೆ ಅಂತ 2023ರಲ್ಲಿ ಪ್ರಕಟವಾಯಿತು. ಅಂದರೆ ನೀರು ಒಂದು ಸಲ ಬಂದು ಹೋಗಿದ್ದಲ್ಲ, ಎಷ್ಟೋ ಸಲ ಒದ್ದೆಯಾಗಿ ಒಣಗಿದ ನೆಲ ಅದು. ತಟ್ಟೆಯ ಕೆಸರು ನೋಡದೆ ಇದನ್ನು ಹೇಳಲು ಆಗುತ್ತಿತ್ತಾ? ಇಲ್ಲಿ ನೀರೂ ಕಾಣುತ್ತದೆ, ಅದು ಬಿಟ್ಟ ಗುರುತೂ ಕಾಣುತ್ತದೆ. ಅಲ್ಲಿ ಗುರುತು ಮಾತ್ರ.

ಆದರೂ ಆ ಹೆದರಿಕೆ ಪೂರ್ತಿ ಹೋಗಬಾರದು ಅಂತಲೂ ಅನ್ನಿಸುತ್ತದೆ. ಅಲ್ಲಿನ ಗುರುತ್ವ ನಮ್ಮದರ ಶೇ 38 ಅಷ್ಟೇ, ನನ್ನ ಜಾರನ್ನು ಅಲ್ಲಿಟ್ಟರೆ ಕಣ ತಡವಾಗಿ ಇಳಿಯುತ್ತದೆ, ಗಡಿಯಾರದ ಲೆಕ್ಕವೇ ಬೇರೆ. ಅಲ್ಲಿ ದಂಡೆ ಹಿಡಿದು ನಿಲ್ಲಿಸಲು ಹುಲ್ಲಿನ ಬೇರೂ ಇಲ್ಲ. ಅಲ್ಲಿನ ಮರಳು ಹೆಚ್ಚಾಗಿ ಬಸಾಲ್ಟಿನದು, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನದು, ಬೆಂಗಳೂರಿನ ಕಡೆಯ ಬೆಣಚುಕಲ್ಲಿನ ಮರಳಲ್ಲ. ಇದರಲ್ಲಿ ನಿನ್ನ ಅದೃಷ್ಟ ದೊಡ್ಡದು ಬಿಡು, ಪುಣೆಯ ಮುಳಾ ಮುಠಾ ಹರಿಯೋದೇ ಬಸಾಲ್ಟಿನ ಮೇಲೆ. ನಮ್ಮ ಧಾರವಾಡದ ಕಡೆಯ ಎರೆಮಣ್ಣಿನಲ್ಲಿರುವ, ನೆನೆದರೆ ಉಬ್ಬುವ ಸ್ಮೆಕ್ಟೈಟ್ ಜೇಡಿ ಗೇಲ್ ಕುಳಿಯ ಹೂಳುಕಲ್ಲಿನಲ್ಲೂ ಸಿಕ್ಕಿದೆ. ಮಹಾರಾಷ್ಟ್ರದ ಲೋಣಾರ್ ಅಂತೂ ಬಸಾಲ್ಟಿನಲ್ಲೇ ಆದ ಉಲ್ಕೆಯ ಕುಳಿ, ಒಳಗೆ ಉಪ್ಪು ಕೆರೆ. ಮಂಗಳವನ್ನು ಇಷ್ಟು ಹೋಲುವ ಜೋಡಿ ಎಷ್ಟು ಜನಕ್ಕೆ ಸಿಗುತ್ತದೆ ಹೇಳು.

ಬುದ್ಧಿ ಹೇಳುವಷ್ಟು ನನಗೇನು ಗೊತ್ತು ಅಂತ ನಗಬೇಡ. ಯಾವ ಗುರುತು ಕಂಡರೂ, ನೀರಿಲ್ಲದೆ ಇದನ್ನು ಇನ್ನೇನು ಮಾಡೀತು ಅಂತ ಪಕ್ಕದಲ್ಲೇ ಬರೆದಿಡು. ಗಾಳಿ, ಲಾವಾ, ಜಾರಿದ ಮರಳು, ಏನು ತೋಚಿದರೂ ಸರಿ. ಚೀಲದ ಮೇಲೆ ಜಾಗ ಮತ್ತು ಪದರ ನಿನ್ನ ಕೈಯಿಂದಲೇ ಬರಿ, ಹುಡುಗರ ಕೈಗೆ ಬಿಡಬೇಡ. ಲೋಣಾರ್ ಅಭಯಾರಣ್ಯ, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಂದು ಹಿಡಿ ಮಣ್ಣೂ ಎತ್ತಬೇಡ. ಸೈಟಿಗೆ ಯಾರು ಹೋಗೋದು ಅಂತ ಮಾತು ಬಂದರೆ ನೀನೇ ಹೋಗು, ಜಗಳ ಮಾಡಿಯಾದರೂ.

ಆಮೇಲೆ ಆ ಸಾಲನ್ನು ನಿನ್ನ ಗೈಡ್ ಹತ್ತಿರ ಹಾಗೇ ಕೇಳು, ಮುಚ್ಚಿಡಬೇಡ. ಏನಂದರು ಅಂತ ನನಗೆ ಬರಿ. ಸಿಟ್ಟಾದರೆ ಅದನ್ನೂ ಬರಿ.

ನಿನ್ನ ಮೌಶಿ