ಸ್ವಯಂಸೇವಕರ ನಡುವೆ ಸಂಬಳದ ಹುದ್ದೆ

ಮಾನ್ಯ ಸಂಪಾದಕರೇ,

ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ) ಸಮುದಾಯಗಳಲ್ಲಿ ಕೆಲವರಿಗಷ್ಟೇ ಸಂಬಳ ಕೊಡುವ ಮುನ್ನ, ಸ್ವಯಂಸೇವಕರೇ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಯೊಂದನ್ನು ರೂಪಿಸುವ ಡೆಬಿಯನ್ ಯೋಜನೆಯ 2006ರ ಅನುಭವವನ್ನು ನೆನೆಯಬೇಕು. ಅದರ ‘ಎಚ್’ (Etch) ಎಂಬ ಹೆಸರಿನ ಆವೃತ್ತಿ ಡಿಸೆಂಬರ್‌ನಲ್ಲೇ ಸಿದ್ಧವಾಗಲೆಂದು ಬಿಡುಗಡೆಯ ಹೊಣೆ ಹೊತ್ತವರಿಗೆ ಹಣ ಒದಗಿಸಲು ಮುಂದಾದಾಗ, ವರ್ಷಗಟ್ಟಲೆ ಬಿಡಿಗಾಸೂ ಪಡೆಯದೆ ದುಡಿದಿದ್ದ ಕೆಲವರು ನೊಂದು ಕೆಲಸದಿಂದ ಹಿಂದೆ ಸರಿದರು. ಆವೃತ್ತಿ ಹೊರಬಂದದ್ದು 2007ರ ಏಪ್ರಿಲ್‌ನಲ್ಲಿ. ವಿಳಂಬಕ್ಕೆ ಇದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ, ಆದರೆ ಆ ನೋವು ನ್ಯಾಯವಾದದ್ದೇ.

ಹಾಗೆಂದು ಹಣವೇ ಬೇಡವೆನ್ನಲಾಗದು. ಜಗತ್ತಿನ ಅಂತರ್ಜಾಲ ಸುರಕ್ಷತೆಗೆ ಆಧಾರವಾಗಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಬೆರಳೆಣಿಕೆಯ ಜನ ಅಲ್ಪ ಹಣದಲ್ಲಿ ನಡೆಸುತ್ತಿದ್ದರೆಂಬುದು 2014ರಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದ ನಂತರವೇ ಹೆಚ್ಚಿನವರಿಗೆ ತಿಳಿಯಿತು.

ಆದ್ದರಿಂದ ಸಂಬಳದ ಹುದ್ದೆಗೆ ಆಯ್ಕೆಯ ಮಾನದಂಡವನ್ನು ಮೊದಲೇ ಬಹಿರಂಗಪಡಿಸಬೇಕು. ಸಮುದಾಯದ ತೀರ್ಮಾನಗಳಲ್ಲಿ ಮತದ ಹಕ್ಕು ಮಾತ್ರ, ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವ ಅಪಾಚೆ ಪ್ರತಿಷ್ಠಾನದಲ್ಲಿರುವಂತೆ, ಉದ್ಯೋಗದಾತರಿಗಲ್ಲ, ದುಡಿದ ವ್ಯಕ್ತಿಗೇ ಸಲ್ಲಬೇಕು.

ಇಂತಿ,
ಓರ್ವ ಓದುಗ