ಪರದೇಶದಲ್ಲಿ ಒಟಿಪಿಗಾಗಿ ಪರದಾಟ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿರುವ ಮಕ್ಕಳನ್ನು ನೋಡಲು ಹೊರಡುವ ನನ್ನಂಥ ನಿವೃತ್ತರು ಚಟ್ನಿಪುಡಿಯ ತೂಕದ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಮೊಬೈಲ್ ಸಿಮ್‌ನ ಬಗ್ಗೆ ವಹಿಸುವುದಿಲ್ಲ. ಅದರ ಫಲವನ್ನು ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಉಂಡೆವು.

ಜರ್ಮನಿಯಲ್ಲಿರುವ ಮಗಳು ಅಲ್ಲಿನ ಪ್ರೀಪೇಯ್ಡ್ ಸಿಮ್ ಕೊಡಿಸಿ, ಯುರೋಪಿನಲ್ಲಿ ಎಲ್ಲಿಗೆ ಹೋದರೂ ನಡೆಯುತ್ತದೆ ಎಂದಿದ್ದಳು. ಮಾತು ಬಹುಮಟ್ಟಿಗೆ ನಿಜ. ಐರೋಪ್ಯ ಒಕ್ಕೂಟವು 2017ರ ಜೂನ್ 15ರಿಂದ ತನ್ನ ಸದಸ್ಯ ರಾಷ್ಟ್ರಗಳೊಳಗೆ ರೋಮಿಂಗ್‌ನ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿದ್ದು, ಸದಸ್ಯರಲ್ಲದ ನಾರ್ವೆ, ಐಸ್‌ಲ್ಯಾಂಡ್‌ಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ನಟ್ಟನಡುವೆ ಇರುವ ಸ್ವಿಟ್ಜರ್ಲೆಂಡ್ ಈ ಏರ್ಪಾಡಿನಲ್ಲಿಲ್ಲ. ನಮ್ಮ ಪ್ಯಾಕ್‌ನಲ್ಲೂ ಇರಲಿಲ್ಲ. ರೈಲು ಬಾಸೆಲ್ ದಾಟುತ್ತಲೇ ಇಂಟರ್‌ನೆಟ್ ನಿಂತಿತು.

ಸಹಪ್ರಯಾಣಿಕರೊಬ್ಬರು ಹಾಟ್‌ಸ್ಪಾಟ್ ಕೊಟ್ಟರು. ಬೇರೆ ಪ್ಯಾಕ್‌ಗೆ ನಮ್ಮ ಬ್ಯಾಂಕಿನ ಕಾರ್ಡಿನಿಂದ ಹಣ ಕಟ್ಟಲು ಹೋದರೆ ಒಟಿಪಿ ಕೇಳಿತು. ಮಗಳು ಬಳಸಿ ಕೊಟ್ಟ ನನ್ನ ಫೋನಿನಲ್ಲಿ ಒಂದೇ ಸಿಮ್‌ಗೆ ಜಾಗವಿದ್ದುದರಿಂದ, ಒಟಿಪಿ ಬರಬೇಕಾಗಿದ್ದ ಮೈಸೂರಿನ ಸಿಮ್ ಕಳೆದುಹೋದೀತೆಂದು ನನ್ನಾಕೆ ಅದನ್ನು ಕುಂಕುಮದ ಭರಣಿಯಲ್ಲಿ ಜೋಪಾನ ಮಾಡಿದ್ದಳು. ಒರೆಸಿ ಹಾಕಿದರೂ ಸಿಗ್ನಲ್ ಇಲ್ಲ. ಹೊರಡುವ ಮುನ್ನ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿರಲಿಲ್ಲ. ಅಲ್ಲಿಂದಲೇ ಮಾಡೋಣವೆಂದರೆ ಕಂಪನಿಯ ಆ್ಯಪ್‌ಗೆ ಲಾಗಿನ್ ಆಗಬೇಕು, ಲಾಗಿನ್ ಆಗಲು ಅದೇ ಸಂಖ್ಯೆಗೆ ಒಟಿಪಿ ಬರಬೇಕು! ಕೊನೆಗೆ ಮಗಳೇ ಅಲ್ಲಿಂದ ಹಣ ಕಟ್ಟಿದಳು.

ಬಿಡಿ ಚಿಪ್ ಇಲ್ಲದೆ ಫೋನಿನೊಳಗೇ ಚಾಲೂ ಆಗುವ ಇ-ಸಿಮ್ ಹಾಕಿಸಿಕೊಳ್ಳಿ, ಊರಿನ ಸಿಮ್ ತೆಗೆಯುವ ಪ್ರಮೇಯವೇ ಬರುವುದಿಲ್ಲ ಎಂದು ಕಿರಿಯರು ಹೇಳುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಅದಕ್ಕೆ ಒಗ್ಗುವ ಫೋನ್ ಬೇಕು. ಮೇಲಾಗಿ, ಊರಿನ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಆಗಲೂ ಎಸ್‌ಎಂಎಸ್ ಬಾರದು.

ಗ್ರಾಹಕರು ಕೇಳದೆ ಡೇಟಾ ರೋಮಿಂಗ್ ತೆರೆಯಬಾರದೆಂಬುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಪ್ಯಾಕ್ ಇಲ್ಲದೆ ಬಳಸಿದ ಡೇಟಾದ ಬಿಲ್ಲು ಯಾರನ್ನಾದರೂ ಬೆಚ್ಚಿಬೀಳಿಸುವಂಥದ್ದು. ಆದರೆ ಬ್ಯಾಂಕಿನ ಎಸ್‌ಎಂಎಸ್ ಪಡೆಯುವುದನ್ನೂ ಅದೇ ಗಂಟಿಗೆ ಏಕೆ ಸೇರಿಸಬೇಕು? ಪ್ಯಾಕ್ ಕೊಳ್ಳದಿದ್ದರೂ ಎಸ್‌ಎಂಎಸ್ ಮಾತ್ರ ಬರುವಂತೆ ಪ್ರತಿ ಸಿಮ್‌ಗೂ ಅವಕಾಶ ಕಲ್ಪಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಮೊಬೈಲ್ ಕಂಪನಿಗಳಿಗೆ ಸೂಚಿಸಬೇಕು. ಒಟಿಪಿ ಎಸ್‌ಎಂಎಸ್ ಮೂಲಕವೇ ಬರಬೇಕೆಂದೇನಿಲ್ಲ, ಬೇರೆ ವಿಧಾನಗಳನ್ನೂ ಬಳಸಬಹುದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿಯೇ ನಿರ್ದೇಶನ ಹೊರಡಿಸಿದೆ. ಬ್ಯಾಂಕುಗಳು ಅವನ್ನು ಹಿರಿಯ ಗ್ರಾಹಕರಿಗೆ ಶಾಖೆಯಲ್ಲಿಯೇ ಕೂರಿಸಿ ತೋರಿಸಿಕೊಡಲಿ. ಹಾಗೆಯೇ ‘ಯುರೋಪ್ ಪ್ಯಾಕ್’ ಮಾರುವ ನಮ್ಮ ಕಂಪನಿಗಳು ಅದರಲ್ಲಿ ಯಾವ ಯಾವ ದೇಶಗಳಿವೆ, ಯಾವುವು ಇಲ್ಲ ಎಂಬ ಪಟ್ಟಿಯನ್ನು ಹಣ ಪಡೆಯುವ ಮೊದಲೇ ಕನ್ನಡದಲ್ಲಿ ಕೊಡಬೇಕು.

– ನಿವೃತ್ತ ಅಧ್ಯಾಪಕ, ಮೈಸೂರು